ಚಳವಳಿಯ ಚರಿತ್ರೆಯೂ ಬರೆಯುವವನ ಧರ್ಮವೂ

ಜನತೆಯ ಚಳವಳಿಗಳನ್ನು ಕುರಿತು ವಿದ್ಯಾವಂತರು ಗ್ರಾಮಗಳಿಗೆ ಹೋಗಿ, ಕಂಡವರ ಬಾಯಿಂದಲೇ ಸಂಗತಿಗಳನ್ನು ಕೇಳಿ ಬರೆದಿಡುವುದು ಸ್ತುತ್ಯವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬರೆದುಕೊಳ್ಳುವವನಿಗೂ ಒಂದು ಧರ್ಮವುಂಟು. ಅದನ್ನು ಮರೆತರೆ ವಿದ್ಯೆಯೇ ಅಪಕಾರಕ್ಕೆ ಸಾಧನವಾದೀತು.

ನಂಜನಗೂಡು ತಾಲ್ಲೂಕಿನ ಬದನವಾಳು ಗ್ರಾಮವನ್ನೇ ನೋಡೋಣ. 1927ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಅಲ್ಲಿ ಖಾದಿ ಕೇಂದ್ರವನ್ನು ತೆರೆಯಿತು. 1993ರಲ್ಲಿ ಅದೇ ಊರಿನಲ್ಲಿ ದೇವಾಲಯ ಪ್ರವೇಶದ ವಿವಾದವು ಬೆಳೆದು ಮೂವರು ದಲಿತರು ಕೊಲೆಯಾದರು. 2015ರ ಏಪ್ರಿಲಿನಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ ಸರಳ ಜೀವನವನ್ನು ಸಾರುವ ಸತ್ಯಾಗ್ರಹ ನಡೆದುದೂ ಅಲ್ಲಿಯೇ. ರಾಟೆಯ ವಿಷಯವನ್ನು ಕೇಳಿದವನಿಗೆ ಹತ್ತು ಮಂದಿ ಉತ್ತರ ಕೊಟ್ಟಾರು. 1993ರ ವಿಷಯವನ್ನು ಕೇಳಿದವನಿಗೆ ಮೌನವೇ ಉತ್ತರವಾಗಬಹುದು. ಆ ಮೌನವು ಅಜ್ಞಾನವಲ್ಲ. ಕೇಳಿದವನು ಸಂಜೆಯ ಬಸ್ಸಿಗೆ ಪಟ್ಟಣಕ್ಕೆ ಹಿಂದಿರುಗುವನು. ಹೇಳಿದವನು ಅದೇ ಬೀದಿಯಲ್ಲಿ ಬಾಳಬೇಕಾಗಿರುವುದಷ್ಟೆ! ಬಂದವನು ಯಾವ ಕೇರಿಯಲ್ಲಿ ಇಳಿದುಕೊಂಡನು, ಯಾರ ಮನೆಯಲ್ಲಿ ಉಂಡನು ಎಂಬುದನ್ನೂ ಊರು ನೋಡಿಕೊಂಡೇ ಮಾತನಾಡುತ್ತದೆ.

ಮಾತಿಗೆ ಎಷ್ಟು ಬೆಲೆ ತೆರಬೇಕಾದೀತೆಂಬುದನ್ನು ಶಿವಮೊಗ್ಗ ಜಿಲ್ಲೆಯ ಈಸೂರು ಕಂಡಿದೆ. 1942ರ ಚಳವಳಿಯಲ್ಲಿ ಅಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಹತರಾದರು. 1943ರ ಮಾರ್ಚಿಯಲ್ಲಿ ಗ್ರಾಮದ ಐವರನ್ನು ಗಲ್ಲಿಗೇರಿಸಲಾಯಿತು. ಇಂತಹ ಸಮಯದಲ್ಲಿ ಯಾರು ಎಲ್ಲಿ ನಿಂತಿದ್ದರೆಂಬ ಒಂದು ಮಾತಿನ ಮೇಲೆ ಪ್ರಾಣವೇ ತೂಗುತ್ತಿರುತ್ತದೆ. ಇಂದಿನ ಪ್ರತಿಭಟನೆಯನ್ನು ಅಭ್ಯಸಿಸುವವನ ಟಿಪ್ಪಣಿಯ ಪುಸ್ತಕವೂ ನಾಳೆ ಸಾಕ್ಷಿಪತ್ರವಾಗಲಾರದೆಂದು ಯಾರು ಹೇಳಬಲ್ಲರು?

ಹೆಸರುಗಳನ್ನು ಮರೆಮಾಡಿದರೆ ಸತ್ಯಕ್ಕೆ ಲೋಪವಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಹೇಳಿದವನ ಹೆಸರು ಬೇರೆ, ನಡೆದ ಕೃತ್ಯ ಬೇರೆ. ಮೊದಲನೆಯದನ್ನು ಕಾಪಾಡಬೇಕು; ಎರಡನೆಯದನ್ನು ಎಂದಿಗೂ ಮುಚ್ಚಕೂಡದು. ಖಾದಿಯ ಕೀರ್ತಿಯನ್ನು ಮಾತ್ರ ಬರೆದು ಕೊಲೆಯನ್ನು ಬಿಡುವವನು ಊರಿಗೆ ಉಪಕಾರ ಮಾಡಿದಂತಾಗದು. ಚಳವಳಿಯ ಮೇಲಣ ಅಭಿಮಾನದಿಂದ ಅದರ ತಪ್ಪುಗಳನ್ನು ಅಳಿಸುವವನೂ, ಸರಕಾರದ ಕಡತವನ್ನೇ ವೇದವಾಕ್ಯವೆಂದು ನಂಬುವವನೂ ಸಮಾನ ದೋಷಿಗಳು.

ಆದುದರಿಂದ ಹೆಮ್ಮರಗಾಲಕ್ಕಾಗಲಿ, ಆ ತಾಲ್ಲೂಕಿನ ಬೇರಾವ ಗ್ರಾಮಕ್ಕಾಗಲಿ ಹೋಗುವ ಪರಿಶೋಧಕರು ತಾವು ಬಂದ ಉದ್ದೇಶವನ್ನು ಮೊದಲು ತಿಳಿಸಲಿ, ಒಪ್ಪಿದವರ ಮಾತನ್ನು ಮಾತ್ರ ಬರೆದುಕೊಳ್ಳಲಿ, ಒಲ್ಲೆನೆಂದವರನ್ನು ಪೀಡಿಸದಿರಲಿ. ಅಧಿಕಾರಿಗಳು ಆ ಬರಹವನ್ನು ಗೂಢಚಾರರ ವರದಿಯಂತೆ ಬಳಸಲು ಆಶಿಸದಿರಲಿ. ಬರೆದುದನ್ನು ಅಚ್ಚಿಗೆ ಕೊಡುವ ಮೊದಲು ಹೇಳಿದವರ ಮುಂದೆ ಕನ್ನಡದಲ್ಲಿ ಓದಿ ಕೇಳಿಸುವುದು ಅವರಿಗೆ ಸಲ್ಲಬೇಕಾದ ಋಣವೆಂದು ನಾವು ಭಾವಿಸುತ್ತೇವೆ.