ಮಲ್ಪೆಯ ಮೀನುಬಂದರು

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಿಗೆ ಕಡಲು ಬಹು ದೂರ. ಆದರೂ ಅಲ್ಲಿನ ಮೀನಂಗಡಿಗಳಲ್ಲಿ ದಿನವೂ ಕಡಲಿನ ಮೀನು ದೊರೆಯುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಸಿಗಡಿ ಎಂಬ ಹೆಸರುಗಳು ಕಡಲನ್ನೇ ಕಾಣದವರ ಬಾಯಲ್ಲೂ ಬಳಕೆಯಲ್ಲಿವೆ. ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ಈ ಮೀನುಗಳ ಬೆಲೆ ಏರುವುದುಂಟು. ನಾನು ಜಯನಗರದಲ್ಲಿ ಉಪಾಧ್ಯಾಯನಾಗಿದ್ದಾಗ, ತಂದೆಯ ಮೀನಂಗಡಿಯಲ್ಲಿ ಕುಳಿತು ವ್ಯಾಪಾರ ನೋಡುತ್ತಿದ್ದ ವಿದ್ಯಾರ್ಥಿಯೊಬ್ಬ ಒಂದು ದಿನ ತರಗತಿಯಲ್ಲಿ ಎದ್ದು ನಿಂತು, “ಸಾರ್, ಮಳೆಗಾಲದಲ್ಲಿ ಕಡಲೇನೂ ಬತ್ತುವುದಿಲ್ಲವಲ್ಲ, ಮೀನು ಮಾತ್ರ ಏಕೆ ಕಡಮೆ ಬರುತ್ತದೆ?” ಎಂದು ಕೇಳಿದ. ಆ ಹೊತ್ತಿಗೆ ನಾನು ಹೇಳಿದ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಮುಂದೆ ಮಲ್ಪೆಯ ಬಂದರಿನಲ್ಲಿ ಕೆಲವು ದಿನ ಇದ್ದು, ಕಂಡು ಕೇಳಿ ತಿಳಿದ ಮೇಲೆ ಆ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಿತು. ಅದನ್ನೇ ಇಲ್ಲಿ ಹೇಳಬಯಸುತ್ತೇನೆ.

ಕರ್ನಾಟಕದ ಕಡಲತೀರ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಎಂಬ ಮೂರು ಜಿಲ್ಲೆಗಳಲ್ಲಿ ಮುನ್ನೂರು ಕಿಲೋಮೀಟರುಗಳಿಗೂ ಮಿಕ್ಕಿ ಚಾಚಿಕೊಂಡಿದೆ. ಈ ತೀರದ ಮುಖ್ಯ ಮೀನುಗಾರಿಕೆ ಬಂದರುಗಳಲ್ಲಿ ಮಲ್ಪೆಯೂ ಒಂದು. ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು ಆರು ಕಿಲೋಮೀಟರು ಹೋದರೆ ಹೊಳೆಯೊಂದು ಕಡಲನ್ನು ಸೇರುವ ಅಳಿವೆ ಸಿಗುತ್ತದೆ. ಅಲೆಗಳ ಹೊಡೆತಕ್ಕೆ ಸಿಲುಕದೆ ದೋಣಿಗಳು ತಂಗಲು ಅನುಕೂಲವಾದ ಈ ಸ್ಥಳದಲ್ಲಿ ಬಂದರು ಬೆಳೆದಿದೆ. ಎದುರಿಗೆ ಕಡಲಿನ ನಡುವೆ, ಕಂಬಗಳಂತೆ ನಿಂತ ಶಿಲೆಗಳಿಗೆ ಹೆಸರಾದ ಸೇಂಟ್ ಮೇರಿಸ್ ದ್ವೀಪಗಳಿವೆ. ಪ್ರವಾಸಿಗರು ದ್ವೀಪಗಳನ್ನು ನೋಡಲು ಬಿಸಿಲೇರಿದ ಮೇಲೆ ಬರುತ್ತಾರೆ. ಅವರು ಬರುವ ವೇಳೆಗೆ ಬಂದರಿನ ಅರ್ಧ ಕೆಲಸ ಮುಗಿದಿರುತ್ತದೆ.

ಬಂದರಿಗೆ ಬೆಳಗಾಗುವುದು ಸೂರ್ಯೋದಯಕ್ಕಿಂತ ಬಹಳ ಮೊದಲು. ಇನ್ನೂ ಕತ್ತಲಿರುವಾಗಲೇ ಅಳಿವೆಯ ಬಾಯಲ್ಲಿ ಒಂದರ ಹಿಂದೆ ಒಂದರಂತೆ ದೀಪಗಳು ತೋರುತ್ತವೆ. ಎಂಜಿನ್ನಿನ ಸದ್ದು ಹತ್ತಿರವಾಗುತ್ತದೆ. ದೋಣಿ ದಕ್ಕೆಗೆ ತಾಗಿದೊಡನೆ ಒಬ್ಬನು ಹಗ್ಗವನ್ನು ಎಸೆಯುತ್ತಾನೆ, ಮತ್ತೊಬ್ಬನು ಅದನ್ನು ಹಿಡಿದು ಕಂಬಕ್ಕೆ ಬಿಗಿಯುತ್ತಾನೆ. ದೋಣಿಗಳನ್ನು ಕಟ್ಟಿ ನಿಲ್ಲಿಸಿ ಮೀನನ್ನು ಇಳಿಸುವ ಕಟ್ಟೆಗೆ ಕರಾವಳಿಯಲ್ಲಿ ದಕ್ಕೆ ಎಂದು ಹೆಸರು. ನೋಡನೋಡುತ್ತಿರುವಂತೆಯೇ ದಕ್ಕೆಯ ಉದ್ದಕ್ಕೂ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ.

ಈ ದೋಣಿಗಳೆಲ್ಲ ಒಂದೇ ಬಗೆಯವಲ್ಲ. ಬೆಳಗಿನ ಜಾವ ಹೊರಟು ಅಂದೇ ಮರಳುವ ಸಣ್ಣ ಟ್ರಾಲ್ ದೋಣಿಗಳಿವೆ. ಹತ್ತು ಹನ್ನೆರಡು ದಿನಗಳವರೆಗೆ ಕಡಲಲ್ಲೇ ಇದ್ದು ಗೋವೆ, ಮಹಾರಾಷ್ಟ್ರಗಳ ಆಚೆಗಿನ ನೀರಿನವರೆಗೂ ಹೋಗಿಬರುವ ಆಳಸಮುದ್ರದ ದೋಣಿಗಳಿವೆ. ಟ್ರಾಲ್ ಬಲೆ ಚೀಲದ ಆಕಾರದ್ದು. ಅದರ ಬಾಯನ್ನು ಎರಡು ಭಾರವಾದ ಹಲಗೆಗಳು ಅಗಲಿಸಿ ಹಿಡಿದಿರುತ್ತವೆ. ದೋಣಿ ಮುಂದೆ ಸಾಗಿದಂತೆ ಬಲೆ ಕಡಲತಳವನ್ನು ಬಳಿಯುತ್ತ ಬರುತ್ತದೆ. ಸಿಗಡಿ, ಬೊಂಡಾಸ್ ಮುಂತಾದವು ಇದಕ್ಕೆ ಸಿಗುತ್ತವೆ. ಪರ್ಸೀನ್ ಎಂಬ ಇನ್ನೊಂದು ಬಗೆಯ ದೋಣಿಗಳು ನೀರಿನ ಮೇಲ್ಭಾಗದಲ್ಲಿ ಗುಂಪಾಗಿ ಚಲಿಸುವ ಬಂಗುಡೆ, ಬೂತಾಯಿಗಳನ್ನು ಹುಡುಕಿ, ಆ ಗುಂಪಿನ ಸುತ್ತ ಬಲೆಯನ್ನು ಗೋಡೆಯಂತೆ ಇಳಿಬಿಡುತ್ತವೆ. ಅನಂತರ ಅಡಿಯ ಹಗ್ಗವನ್ನು ಎಳೆದರೆ, ದಾರ ಜಗ್ಗಿದ ಹಣದ ಚೀಲದಂತೆ ಬಲೆಯ ತಳ ಮುಚ್ಚಿಕೊಳ್ಳುತ್ತದೆ. ಇವಲ್ಲದೆ ದಡದ ಸಮೀಪದಲ್ಲೇ ದುಡಿಯುವ ನಾಡದೋಣಿಗಳೂ ಉಂಟು.

ದೋಣಿಯ ನಾಯಕನಿಗೆ ತಾಂಡೇಲನೆಂದು ಹೆಸರು. ಗಾಳಿ, ನೀರಿನ ಬಣ್ಣ, ಹಕ್ಕಿಗಳ ಹಾರಾಟ ಇವುಗಳಿಂದ ಮೀನಿನ ಸುಳಿವನ್ನು ಅರಿಯುವ ವಿದ್ಯೆ ಅವನಿಗೆ ತಲೆತಲಾಂತರದಿಂದ ಬಂದುದು. ಈಗ ಅದರ ಜೊತೆಗೆ ವಿಜ್ಞಾನದ ನೆರವೂ ದೊರೆತಿದೆ. 1999ರ ಮೇ 26ರಂದು ಭಾರತವು ಓಷನ್‌ಸ್ಯಾಟ್-1 ಎಂಬ ಉಪಗ್ರಹವನ್ನು ಹಾರಿಸಿತು. ಅದೂ ಅದರ ಅನಂತರದ ಉಪಗ್ರಹಗಳೂ ಕಡಲಿನ ನೀರಿನ ಬಣ್ಣವನ್ನು ಬಾನಿನಿಂದ ಅಳೆದಿವೆ. ನೀರಿನಲ್ಲಿ ಸೂಕ್ಷ್ಮಸಸ್ಯಗಳು ಹೆಚ್ಚಾಗಿರುವೆಡೆ ಬಣ್ಣ ಬದಲಾಗಿರುತ್ತದೆ. ಅಂಥ ಕಡೆ ಮೀನು ಮೇಯಲು ಬರುತ್ತದೆ. ಈ ಮಾಹಿತಿಯನ್ನು ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರವು ಮೀನುಗಾರರಿಗೆ ತಲುಪಿಸುತ್ತದೆ. ನಮ್ಮ ಉಪಗ್ರಹಗಳು ರೂಪುಗೊಳ್ಳುವುದು ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ. ಆ ಕೇಂದ್ರಕ್ಕೆ ಈಗ ಉಡುಪಿಯ ಸಮೀಪದ ಅದಮಾರಿನಲ್ಲಿ ಹುಟ್ಟಿದ ವಿಜ್ಞಾನಿ ಯು.ಆರ್. ರಾವ್ ಅವರ ಹೆಸರನ್ನು ಇಡಲಾಗಿದೆ. ಕರಾವಳಿಯು ಬೆಂಗಳೂರಿಗೆ ಮೀನನ್ನು ಕಳುಹಿದರೆ, ಬೆಂಗಳೂರು ಕರಾವಳಿಗೆ ಮೀನಿನ ಸುಳಿವನ್ನು ಕಳುಹುತ್ತದೆ ಎಂದರೆ ತಪ್ಪಾಗದು.

ದಕ್ಕೆಯ ಮೇಲೆ ಮೀನು ಇಳಿಯತೊಡಗಿತೆಂದರೆ ಅಲ್ಲಿ ಯಾರೊಬ್ಬರೂ ಸುಮ್ಮನೆ ನಿಂತಿರುವುದಿಲ್ಲ. ದೋಣಿಯ ಹೊಟ್ಟೆಯಲ್ಲಿ ಮಂಜುಗಡ್ಡೆಯ ಪುಡಿಯ ನಡುವೆ ಪದರಪದರವಾಗಿ ಜೋಡಿಸಿದ ಮೀನನ್ನು ಬುಟ್ಟಿಗಳಲ್ಲಿ ತುಂಬಿ ಮೇಲೆತ್ತುತ್ತಾರೆ. ಕೈಯಿಂದ ಕೈಗೆ ಬುಟ್ಟಿಗಳು ಸಾಗುತ್ತವೆ. ಹೆಂಗಸರು ಕುಳಿತು, ಕಣ್ಣಿಗೆ ಒಂದೇ ರಾಶಿಯಾಗಿ ಕಾಣುವ ಮೀನನ್ನು ಜಾತಿ ಜಾತಿಯಾಗಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತಾರೆ. ಅವರ ಕೈಗಳ ವೇಗವನ್ನು ನೋಡಿಯೇ ತಿಳಿಯಬೇಕು. ಒಡನೆಯೇ ಏಲಂ ಆರಂಭವಾಗುತ್ತದೆ. ಕೂಗುವವನ ಬಾಯಿಂದ ಅಂಕಿಗಳು ತುಳುವಿನಲ್ಲೋ ಕನ್ನಡದಲ್ಲೋ ಹೊರಬೀಳುತ್ತಿರುತ್ತವೆ. ಹೊಸಬರಿಗೆ ಅದು ಜಗಳದಂತೆ ಕೇಳಿಸಬಹುದು. ಆದರೆ ಕೆಲವೇ ನಿಮಿಷಗಳಲ್ಲಿ ರಾಶಿಯ ಬೆಲೆ ಗೊತ್ತಾಗಿ ಮೀನು ಕೈಬದಲಾಗಿರುತ್ತದೆ. ಈ ಅವಸರಕ್ಕೆ ಕಾರಣವುಂಟು. ನೀರಿನಿಂದ ಹೊರಬಂದ ಮೀನು ಬಹುಬೇಗ ಕೆಡುತ್ತದೆ. ಆದುದರಿಂದ ಮೀನುಬಂದರಿನಲ್ಲಿ ಡೀಸೆಲಿನಷ್ಟೇ ಅಗತ್ಯವಾದ ವಸ್ತು ಮಂಜುಗಡ್ಡೆ. ಮಂಜುಗಡ್ಡೆಯ ಕಾರ್ಖಾನೆ ನಿಂತರೆ ಬಂದರೂ ನಿಂತಂತೆಯೇ.

ಮೀನನ್ನು ಕೊಂಡವರಲ್ಲಿ ಹಲವು ಬಗೆಯವರಿರುತ್ತಾರೆ. ದೊಡ್ಡ ವರ್ತಕರು ಲಾರಿಗಳಲ್ಲಿ ತುಂಬಿ ದೂರದ ಊರುಗಳಿಗೆ ಕಳುಹುತ್ತಾರೆ. ಮೀನಿನ ಲಾರಿ ಘಟ್ಟವನ್ನು ಹತ್ತಿ, ಸುಮಾರು ನಾನೂರು ಕಿಲೋಮೀಟರುಗಳನ್ನು ರಾತ್ರಿಯೇ ದಾಟಿ ಬೆಂಗಳೂರನ್ನು ಸೇರುತ್ತದೆ. ಸಿಗಡಿ, ಬೊಂಡಾಸ್‌ಗಳು ಸಂಸ್ಕರಣೆಗೊಂಡು ವಿದೇಶಗಳಿಗೂ ಹೋಗುತ್ತವೆ. ಒಂದೆರಡು ಬುಟ್ಟಿ ಮೀನನ್ನು ಕೊಂಡು ಊರೂರಿಗೆ ಒಯ್ದು ಮಾರುವ ಮೊಗವೀರ ಮಹಿಳೆಯರ ಪಾತ್ರವಂತೂ ಹಿರಿದು. ಹಿಂದೆ ಅವರು ತಲೆಯ ಮೇಲೆ ಬುಟ್ಟಿ ಹೊತ್ತು ಮೈಲುಗಟ್ಟಲೆ ನಡೆಯುತ್ತಿದ್ದರು. ಈಗ ಆಟೋರಿಕ್ಷಾ, ಬಸ್ಸುಗಳಿವೆ. ಗಂಡಸರು ಕಡಲಲ್ಲಿರುವಾಗ ಮನೆಯ ಲೆಕ್ಕ, ಸಾಲದ ಕಂತು, ಮಕ್ಕಳ ಶಾಲೆ ಎಲ್ಲವನ್ನೂ ನಡೆಸುವವರು ಇವರೇ. ಮಾರಿ ಬಂದ ಹಣದಲ್ಲಿ ಡೀಸೆಲು, ಮಂಜುಗಡ್ಡೆ, ದಿನಸಿಗಳ ಖರ್ಚನ್ನು ಕಳೆದು, ಉಳಿದುದರಲ್ಲಿ ದೋಣಿಯ ಒಡೆಯನಿಗೂ ಕೆಲಸಗಾರರಿಗೂ ಪಾಲು ಸಲ್ಲುತ್ತದೆ. ಮೀನು ಸಿಗದಿದ್ದರೆ ಪಾಲೂ ಇಲ್ಲ.

ಮೀನುಗಾರಿಕೆ ಹಿಂದೆ ಹೀಗಿರಲಿಲ್ಲ. ಒಂದು ಕಾಲದಲ್ಲಿ ಈ ತೀರದ ಊರುಗಳು ರಂಪಣಿ ಬಲೆಯನ್ನು ನಂಬಿ ಬದುಕಿದ್ದುವು. ರಂಪಣಿ ಬಹು ಉದ್ದವಾದ ಬಲೆ. ಬಂಗುಡೆಯ ಗುಂಪು ದಡದ ಹತ್ತಿರ ಬಂದಾಗ, ದೋಣಿಯಲ್ಲಿ ಬಲೆಯನ್ನು ಒಯ್ದು ಗುಂಪನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿಯುತ್ತಿದ್ದರು. ಆಮೇಲೆ ಹತ್ತಾರು ಜನ ಮರಳಿನ ಮೇಲೆ ನಿಂತು ಎರಡೂ ತುದಿಗಳನ್ನು ಎಳೆಯುತ್ತಿದ್ದರು. ಬಂದ ಮೀನಿನಲ್ಲಿ ಕೈಹಾಕಿದವರಿಗೆಲ್ಲ ಪಾಲು ಇರುತ್ತಿತ್ತು. ಮೀನು ತಾನಾಗಿ ದಡಕ್ಕೆ ಬರುವವರೆಗೂ ಮನುಷ್ಯ ಕಾಯಬೇಕಾಗಿತ್ತು. ಯಂತ್ರದೋಣಿಗಳು ಬಂದ ಮೇಲೆ, ಅದರಲ್ಲೂ 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದ ಮೇಲೆ, ಮೀನಿನ ಗುಂಪು ದಡಕ್ಕೆ ಬರುವ ಮೊದಲೇ ಕಡಲಿನ ನಡುವೆ ಬಲೆಗೆ ಬೀಳತೊಡಗಿತು. ರಂಪಣಿಯವರಿಗೂ ಪರ್ಸೀನಿನವರಿಗೂ ತೀವ್ರವಾದ ವಿರೋಧ ಬೆಳೆಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮರೆಯಾಯಿತು. ಕೈರಂಪಣಿ ಎಂಬ ಅದರ ಚಿಕ್ಕ ರೂಪ ಮಾತ್ರ ಅಲ್ಲಲ್ಲಿ ಉಳಿದಿದೆ. ಯಂತ್ರದಿಂದ ಅನೇಕರ ಬದುಕು ಹಸನಾಯಿತೆಂಬುದು ನಿಜ. ಆದರೆ ಅದರೊಂದಿಗೆ ಹಿಂದಿನವರಿಗೆ ಬಾರದಿದ್ದ ಪ್ರಶ್ನೆಯೊಂದೂ ಬಂದಿತು: ಬೇಕಾದಷ್ಟು ಹಿಡಿಯುವ ಶಕ್ತಿ ಬಂದ ಮೇಲೆ ಎಷ್ಟಕ್ಕೆ ನಿಲ್ಲಿಸಬೇಕು?

ಇಲ್ಲಿಗೆ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಮುಂಗಾರು ಗಾಳಿ ಬೀಸುವ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಮೇಲ್ಮೈ ನೀರು ದಡದಿಂದ ದೂರ ಸರಿಯುತ್ತದೆ. ಅದರ ಸ್ಥಳವನ್ನು ತುಂಬಲು ಆಳದ ತಣ್ಣೀರು ಮೇಲೇಳುತ್ತದೆ. ಆ ನೀರಿನಲ್ಲಿ ಪೋಷಕ ಲವಣಗಳು ಹೇರಳವಾಗಿರುವುದರಿಂದ ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ರೈತನು ಹೊಲಕ್ಕೆ ಗೊಬ್ಬರ ಹಾಕಿದಂತೆ ಪ್ರಕೃತಿಯೇ ಕಡಲಿಗೆ ಗೊಬ್ಬರ ಹಾಕುವ ಕಾಲವಿದು. ಬೂತಾಯಿ, ಬಂಗುಡೆ ಮೊದಲಾದ ಅನೇಕ ಮೀನುಗಳು ಈ ಕಾಲದಲ್ಲಿಯೇ ಮೊಟ್ಟೆಯಿಡುತ್ತವೆ. ಆಗ ತಾಯಿಮೀನನ್ನು ಹಿಡಿದರೆ ಅದರೊಂದಿಗೆ ಸಾವಿರಾರು ಮರಿಗಳನ್ನು ಕಳೆದುಕೊಂಡಂತೆ. ಮೇಲಾಗಿ ಕಡಲೂ ಆಗ ರೌದ್ರವಾಗಿರುತ್ತದೆ. ಈ ಕಾರಣಗಳಿಂದ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಪಶ್ಚಿಮ ಕರಾವಳಿಯಲ್ಲಿ ಯಂತ್ರದೋಣಿಗಳು ಕಡಲಿಗಿಳಿಯುವುದನ್ನು ನಿಷೇಧಿಸಲಾಗಿದೆ. ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ ಉಂಟು. ಆ ಎರಡು ತಿಂಗಳು ಬಂದರು ದೋಣಿಗಳಿಂದ ತುಂಬಿದ್ದರೂ ಮೌನವಾಗಿರುತ್ತದೆ. ಬಲೆಗಳನ್ನು ನೇಯುವುದು, ದೋಣಿಗಳಿಗೆ ಬಣ್ಣ ಬಳಿಯುವುದು ಇಷ್ಟೇ ಆಗಿನ ಕೆಲಸ. ದಿನದ ದುಡಿಮೆಯನ್ನೇ ನಂಬಿದವರಿಗೆ ಇದು ಕಷ್ಟದ ಕಾಲ. ಶ್ರಾವಣದ ಹುಣ್ಣಿಮೆಯ ಹೊತ್ತಿಗೆ ಮೀನುಗಾರರು ಸಮುದ್ರಪೂಜೆ ಮಾಡಿ, ಕಡಲಿಗೆ ಹಾಲು ತೆಂಗಿನಕಾಯಿಗಳನ್ನು ಅರ್ಪಿಸುತ್ತಾರೆ.

ಆದರೆ ಎರಡು ತಿಂಗಳ ಸಂಯಮವೊಂದೇ ಸಾಲದು. ಗೇಣುದ್ದ ಬೆಳೆಯಬೇಕಾದ ಬಂಗುಡೆಯನ್ನು ಬೆರಳುದ್ದವಿರುವಾಗಲೇ ಹಿಡಿದು, ಮೀನಿನ ಹಿಟ್ಟು ಮಾಡುವ ಕಾರ್ಖಾನೆಗೆ ಮಾರಿದರೆ ಬರುವ ಹಣ ಅಲ್ಪ, ಆಗುವ ನಷ್ಟ ದೊಡ್ಡದು. ಬಲೆಯ ಕಣ್ಣು ತೀರ ಕಿರಿದಾಗಿರಬಾರದೆಂದು ನಿಯಮವಿರುವುದು ಮರಿಗಳು ತಪ್ಪಿಸಿಕೊಳ್ಳಲೆಂದೇ. ಪ್ರಖರವಾದ ದೀಪಗಳನ್ನು ಉರಿಸಿ ಮೀನನ್ನು ಸೆಳೆಯುವುದನ್ನೂ, ಎರಡು ದೋಣಿಗಳು ಸೇರಿ ಒಂದೇ ಬಲೆಯನ್ನು ಎಳೆಯುವುದನ್ನೂ ಕೇಂದ್ರ ಸರ್ಕಾರವು 2017ರಲ್ಲಿ ನಿಷೇಧಿಸಿತು. ನಿಯಮವನ್ನು ಒಬ್ಬನು ಮುರಿದರೆ ಲಾಭ ಅವನೊಬ್ಬನಿಗೆ, ನಷ್ಟ ಬಂದರಿಗೆಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಅಲ್ಲಿ ದೊರೆತದ್ದು ಮೂರೂವರೆ ಸಾವಿರ ಟನ್ನಿಗೂ ಕಡಮೆ. ಕಡಲಿನ ಉಷ್ಣತೆ, ಆಹಾರಗಳ ಏರುಪೇರಿನಿಂದ ಬೂತಾಯಿ ಹೆಚ್ಚು ಕಡಮೆಯಾಗುವುದು ಹಿಂದಿನಿಂದಲೂ ಉಂಟು. ಅಂಥ ಕಾಲದಲ್ಲಿ ಮಿತಿಯಿಲ್ಲದೆ ಹಿಡಿದರೆ ಅದು ಚೇತರಿಸಿಕೊಳ್ಳುವುದು ಇನ್ನೂ ಕಷ್ಟ.

ಕಡಲು ಕೆಲವೊಮ್ಮೆ ಮನುಷ್ಯರನ್ನೂ ಉಳಿಸಿಕೊಳ್ಳುತ್ತದೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಸುವರ್ಣ ತ್ರಿಭುಜ ಎಂಬ ದೋಣಿ ಏಳು ಮಂದಿಯೊಂದಿಗೆ ಹೊರಟಿತು. ಎರಡು ಮೂರು ದಿನಗಳಲ್ಲಿ ಅದರ ಸಂಪರ್ಕ ಕಡಿಯಿತು. ತಿಂಗಳುಗಟ್ಟಲೆ ಆ ಏಳು ಮನೆಗಳವರು ಬಾಗಿಲಲ್ಲಿ ನಿಂತು ದಾರಿ ಕಾದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ, ಕಡಲಿನ ತಳದಲ್ಲಿ ದೋಣಿಯ ಅವಶೇಷವನ್ನು ನೌಕಾಪಡೆ ಪತ್ತೆಹಚ್ಚಿತು. ಏಳು ಮಂದಿಯಲ್ಲಿ ಒಬ್ಬರೂ ಮರಳಲಿಲ್ಲ. ಇಷ್ಟಾದರೂ ಮಲ್ಪೆಯ ದೋಣಿಗಳು ಕಡಲಿಗೆ ಹೊರಡುವುದನ್ನು ಬಿಡಲಿಲ್ಲ. ಬದುಕು ಕಡಲಿನಲ್ಲಿರುವಾಗ ಕಡಲಿಗೆ ಹೆದರಿ ದಡದಲ್ಲಿ ಕೂಡುವಂತಿಲ್ಲ.

ನನ್ನ ವಿದ್ಯಾರ್ಥಿಗೆ ಅಂದು ಹೇಳಲಾರದೆ ಹೋದ ಮಾತನ್ನು ಈಗ ನಿಮಗೆ ಹೇಳಬಲ್ಲೆ. ಮೀನಿನ ಬೆಲೆಯಲ್ಲಿ ಡೀಸೆಲು, ಮಂಜುಗಡ್ಡೆ, ಲಾರಿಗಳ ಬಾಡಿಗೆ ಸೇರಿದೆ. ತಾಂಡೇಲನ ಅರಿವು, ಬುಟ್ಟಿ ಹೊರುವವರ ಬೆವರು, ದಾರಿ ಕಾಯುವವರ ಆತಂಕವೂ ಸೇರಿದೆ. ಜೂನ್ ತಿಂಗಳಲ್ಲಿ ನಾವು ಹೆಚ್ಚಾಗಿ ಕೊಡುವ ನಾಲ್ಕು ಕಾಸು ಕಡಲಿನ ವಿಶ್ರಾಂತಿಗೆ ಸಲ್ಲುವ ಬೆಲೆ. ಆಗ ಬೇರೆ ಆಹಾರವನ್ನು ಉಂಡು ಎರಡು ತಿಂಗಳು ಕಾಯುವವನೂ, ಬೆರಳುದ್ದದ ಮರಿಮೀನನ್ನು ಕೊಳ್ಳಲೊಲ್ಲದವನೂ ಜಯನಗರದಲ್ಲಿದ್ದುಕೊಂಡೇ ಮಲ್ಪೆಯ ಕಡಲನ್ನು ಕಾಯುತ್ತಾನೆ. ಆಗಸ್ಟ್ ತಿಂಗಳ ಮೊದಲ ದಿನಗಳಲ್ಲಿ ಬಣ್ಣ ಬಳಿದ ದೋಣಿಗಳು ಮತ್ತೆ ಸಾಲಾಗಿ ಅಳಿವೆಯನ್ನು ದಾಟುವಾಗ ಅವುಗಳಿಗಾಗಿ ಕಡಲಿನಲ್ಲಿ ಮೀನು ಇರಬೇಕಾದರೆ ಈ ಸಂಯಮ ನಮ್ಮೆಲ್ಲರದೂ ಆಗಬೇಕು.