ಸಣ್ಣ ಬಜೆಟ್ಟಿನ ಹಾಡಿನ ವಿಡಿಯೊ: ಐದು ತಪ್ಪು ಕಲ್ಪನೆ, ಐದು ಸತ್ಯ

ಹಾಡು ಬರೆದು, ರಾಗ ಕೂಡಿಸಿ, ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿಸುವಷ್ಟರಲ್ಲಿ ಕೈಯಲ್ಲಿದ್ದ ದುಡ್ಡು ಮುಗಿದಿರುತ್ತದೆ. ವಿಡಿಯೊದ ಮಾತು ಬಂದಾಗ ‘ಅದಕ್ಕೆ ಲಕ್ಷಗಟ್ಟಲೆ ಬೇಕು’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕೊನೆಗೆ ಒಳ್ಳೆಯ ಹಾಡೊಂದು ಬರೀ ಪೋಸ್ಟರ್ ಅಂಟಿಸಿಕೊಂಡು ಯೂಟ್ಯೂಬ್ ಸೇರುತ್ತದೆ. ನಮ್ಮ ಸ್ವತಂತ್ರ ಗಾಯಕರನ್ನೂ ಜಾನಪದ ತಂಡಗಳನ್ನೂ ತಡೆಯುತ್ತಿರುವುದು ಹಣದ ಕೊರತೆ ಮಾತ್ರವಲ್ಲ, ಕೆಲವು ಗಟ್ಟಿ ನಂಬಿಕೆಗಳು ಕೂಡ.

ತಪ್ಪು ಕಲ್ಪನೆ 1: ದುಬಾರಿ ಕ್ಯಾಮೆರಾ ಇಲ್ಲದೆ ಆಗದು.

ಸತ್ಯ: ಸಾಮಾನ್ಯವಾಗಿ ಚಿತ್ರ ಕೆಡುವುದು ಬೆಳಕಿನಿಂದ. ನಡುಮಧ್ಯಾಹ್ನದ ಬಿಸಿಲು ಕಣ್ಣಿನ ಕೆಳಗೆ ಕಪ್ಪು ನೆರಳು ತರುತ್ತದೆ; ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲಿನಲ್ಲಿ ಅದೇ ಮುಖ ಅದೇ ಫೋನಿನಲ್ಲಿ ಕಳೆಗಟ್ಟುತ್ತದೆ. ನೆರಳಿನ ಬದಿಗೆ ಒಂದು ಬಿಳಿ ಥರ್ಮಾಕೋಲ್ ಹಾಳೆ ಹಿಡಿದರೆ ಮುಖಕ್ಕೆ ಮೆದು ಬೆಳಕು ಬೀಳುತ್ತದೆ. ಸಿನಿಮಾ ಸೆಟ್ಟುಗಳಲ್ಲೂ ಅದನ್ನೇ ಹಿಡಿಯುತ್ತಾರೆ. ಫೋನಿನಲ್ಲಿ ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ, ಇಲ್ಲವಾದರೆ ಶಾಟಿನ ನಡುವೆಯೇ ಬಣ್ಣ ಬದಲಾಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದು. ಹಾಗಾಗಿ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿನುಗದಿರಲು ಶಟರ್ ವೇಗವನ್ನು ಸೆಕೆಂಡಿನ 1/50ಕ್ಕೆ ಇಡಿ.

ತಪ್ಪು ಕಲ್ಪನೆ 2: ಡ್ರೋನ್, ಡ್ಯಾನ್ಸರ್‌ಗಳು, ಹತ್ತು ಲೊಕೇಶನ್ ಇದ್ದರೇ ಜನ ನೋಡುತ್ತಾರೆ.

ಸತ್ಯ: ಒಂದು ಗಟ್ಟಿ ಕಲ್ಪನೆ ಸಾಕು. 2006ರಲ್ಲಿ ಅಮೆರಿಕದ ‘ಓಕೆ ಗೋ’ ತಂಡ ‘ಹಿಯರ್ ಇಟ್ ಗೋಸ್ ಅಗೇನ್’ ಹಾಡಿಗೆ ಎಂಟು ಟ್ರೆಡ್‌ಮಿಲ್‌ಗಳ ಮೇಲೆ ಕುಣಿದು, ಅಲುಗಾಡದ ಕ್ಯಾಮೆರಾದ ಮುಂದೆ ಒಂದೇ ಶಾಟಿನಲ್ಲಿ ವಿಡಿಯೊ ಮುಗಿಸಿತು. ನೃತ್ಯ ಹೊಂದಿಸಿದವರು ಗಾಯಕನ ಸಹೋದರಿ ಟ್ರಿಶ್ ಸೀ. ಮರುವರ್ಷ ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಅದಕ್ಕೂ ಬಹಳ ಹಿಂದೆ, 1965ರಲ್ಲಿ, ಬಾಬ್ ಡಿಲನ್ ಲಂಡನ್ನಿನ ಒಂದು ಗಲ್ಲಿಯಲ್ಲಿ ನಿಂತು, ಹಾಡಿನ ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ಕೆಳಗೆ ಹಾಕಿದ ದೃಶ್ಯ ಇಂದಿಗೂ ಅನುಕರಣೆಯಾಗುತ್ತಿದೆ. ಎರಡರಲ್ಲೂ ಹಣ ಮಾಡಬೇಕಿದ್ದ ಕೆಲಸವನ್ನು ಕಲ್ಪನೆ ಮಾಡಿದೆ. ಟ್ರೆಡ್‌ಮಿಲ್ ಕುಣಿತಕ್ಕಂತೂ ಅದರ ಜೊತೆಗೆ ತಾಲೀಮಿನ ಬೆವರೂ ಸುರಿದಿದೆ.

ತಪ್ಪು ಕಲ್ಪನೆ 3: ಮೊದಲು ಶೂಟ್ ಮಾಡೋಣ, ಉಳಿದದ್ದು ಎಡಿಟಿಂಗ್‌ನಲ್ಲಿ ಸರಿಹೋಗುತ್ತದೆ.

ಸತ್ಯ: ತುಟಿಯೂ ಹಾಡೂ ಕೂಡದಿದ್ದರೆ ಯಾವ ಎಡಿಟರೂ ಉಳಿಸಲಾರರು. ಮಿಕ್ಸಿಂಗ್ ಮುಗಿದ ಹಾಡನ್ನೇ ಸ್ಪೀಕರಿನಲ್ಲಿ ಜೋರಾಗಿ ನುಡಿಸಿ, ಗಾಯಕರು ನಿಜವಾಗಿ ದನಿ ತೆಗೆದು ಹಾಡಲಿ. ಬರೀ ತುಟಿ ಆಡಿಸಿದರೆ ಕತ್ತಿನ ನರ ಬಿಗಿಯುವುದಿಲ್ಲ, ನೋಡುವವರಿಗೆ ತಿಳಿದುಬಿಡುತ್ತದೆ. ಇಡೀ ಹಾಡನ್ನು ದೂರದಿಂದ, ನಡುವಿನಿಂದ, ಹತ್ತಿರದಿಂದ ಹೀಗೆ ಮೂರು ಸಲ ಚಿತ್ರಿಸಿಟ್ಟುಕೊಂಡರೆ ಎಡಿಟಿಂಗ್ ಟೇಬಲ್ಲಿನಲ್ಲಿ ಎಲ್ಲಿಯೂ ಸಿಕ್ಕಿಕೊಳ್ಳುವುದಿಲ್ಲ. ಸ್ಲೋ ಮೋಶನ್ ಬೇಕೆಂದರೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ, ಸೆಕೆಂಡಿಗೆ 50 ಫ್ರೇಮ್‌ನಂತೆ ಚಿತ್ರಿಸಿ, 25ರಲ್ಲಿ ಓಡಿಸಿ: ದೇಹ ತೇಲುತ್ತದೆ, ತುಟಿ ತಾಳ ತಪ್ಪುವುದಿಲ್ಲ. ಎಡಿಟಿಂಗಿಗೂ ಬಣ್ಣ ತಿದ್ದುವುದಕ್ಕೂ ಡಾವಿಂಚಿ ರಿಸಾಲ್ವ್ ತಂತ್ರಾಂಶದ ಉಚಿತ ಆವೃತ್ತಿಯೇ ಸಾಕು.

ತಪ್ಪು ಕಲ್ಪನೆ 4: ಹಳೆಯ ಹಾಡು ಯಾರದೂ ಅಲ್ಲ; ಹೆಸರು ಹಾಕಿದರೆ ಸಾಕು, 30 ಸೆಕೆಂಡ್ ಬಳಸಿದರೆ ತಪ್ಪಿಲ್ಲ.

ಸತ್ಯ: ಸಣ್ಣ ತಂಡಗಳು ಹೆಚ್ಚು ಎಡವುವುದು ಇಲ್ಲೇ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ 30 ಸೆಕೆಂಡಿನ ವಿನಾಯಿತಿ ಎಂಬುದೇ ಇಲ್ಲ. ಹೆಸರು ಹಾಕುವುದು ಸೌಜನ್ಯ, ಅದು ಅನುಮತಿಯಲ್ಲ. ಕವಿಯ ಜೀವಿತಕಾಲ ಮತ್ತು ನಿಧನದ ನಂತರ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆ 1981ರಲ್ಲಿ ತೀರಿಕೊಂಡರು, ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳಿಗೆ 2041ರ ಕೊನೆಯವರೆಗೆ ಹಕ್ಕಿದೆ; 1994ರಲ್ಲಿ ಅಗಲಿದ ಕುವೆಂಪು ಅವರವಕ್ಕೆ 2054ರವರೆಗೆ. 1889ರಲ್ಲಿ ಇಲ್ಲವಾದ ಶಿಶುನಾಳ ಷರೀಫರ ತತ್ವಪದಗಳೂ ದಾಸರ ಪದಗಳೂ ಎಲ್ಲರ ಸ್ವತ್ತು. ಆದರೆ ಷರೀಫರ ಪದಗಳಿಗೆ ಸಿ. ಅಶ್ವಥ್ ಕೂಡಿಸಿದ ರಾಗಕ್ಕೆ ಬೇರೆಯೇ ಹಕ್ಕುಂಟು. ಪದ ಹಳೆಯದಿರಲಿ, ರಾಗ ನಿಮ್ಮದಿರಲಿ: ಖರ್ಚಿಲ್ಲದ, ನಿರ್ಭೀತ ದಾರಿ ಇದು.

ತಪ್ಪು ಕಲ್ಪನೆ 5: ಗೆಳೆಯರೇ ಇದ್ದಾರೆ, ಖರ್ಚೇ ಇಲ್ಲ.

ಸತ್ಯ: ಸಂಬಳ ಕೇಳದವರಿಗೂ ಊಟ, ನೀರು, ಪ್ರಯಾಣದ ಹಣ ಕೊಡಲೇಬೇಕು. ಮುಂದೆ ಹಾಡಿನಿಂದ ದುಡ್ಡು ಬಂದರೆ ಯಾರಿಗೆಷ್ಟು ಎಂಬುದು ಒಂದು ಪುಟದಲ್ಲಿ ಬರೆದಿರಲಿ. ಹಾಡು ಗೆದ್ದಾಗಲೇ ಗೆಳೆತನ ಮುರಿಯುವ ಅಪಾಯ ಹೆಚ್ಚು. ಹಂಪಿಯಂಥ ಸಂರಕ್ಷಿತ ಸ್ಮಾರಕಗಳಲ್ಲಿ ಚಿತ್ರೀಕರಣಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಮೊದಲೇ ಬೇಕು. ಅದು ಕಷ್ಟವೆನಿಸಿದರೆ ನಿಮ್ಮೂರಿನ ಕಣ, ಕೆರೆ ಏರಿ, ಅಜ್ಜಿಯ ಮನೆಯ ಪಡಸಾಲೆ ಇವೆ. ಮನೆಯವರನ್ನೋ ಪಂಚಾಯಿತಿಯವರನ್ನೋ ಕೇಳಿ, ಒಪ್ಪಿಸಿ ಚಿತ್ರಿಸಿ.

ಕೈಯಲ್ಲಿ ಇಪ್ಪತ್ತೈದು ಸಾವಿರವಷ್ಟೇ ಇದ್ದರೆ ಮೊದಲ ಪಾಲು ಹಾಡಿನ ಮಿಕ್ಸಿಂಗಿಗೆ, ಎರಡನೆಯದು ತಂಡದ ಊಟ ಮತ್ತು ಓಡಾಟಕ್ಕೆ ಹೋಗಲಿ; ಉಳಿದದ್ದರಲ್ಲಿ ಕ್ಯಾಮೆರಾ ಬಾಡಿಗೆಯ ವಿಚಾರ ಮಾಡಿ. ಹಾಡು ಕಿವಿಗೆ ಹಿತವಾಗಿದ್ದರೆ ಚಿತ್ರದ ಸಣ್ಣ ಕುಂದನ್ನು ಕೇಳುಗರು ಮನ್ನಿಸುತ್ತಾರೆ. ಚಿತ್ರ ಎಷ್ಟೇ ಚೆಂದವಿದ್ದರೂ ಕೆಟ್ಟ ದನಿಯನ್ನು ಕೊನೆಯವರೆಗೆ ಸಹಿಸುವವರಿಲ್ಲ.