ಬೇಸ್ ಆಮೇಲೆ, ಮೊದಲು ಬಿಗಿ

ಹೆಡ್‌ಫೋನ್ ಕೊಳ್ಳಲು ಹೋದವರು ಸಾಮಾನ್ಯವಾಗಿ ವಿಚಾರಿಸುವುದು ಬೇಸ್ ಹೇಗಿದೆ ಎಂದು. ದೇವನಹಳ್ಳಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಅದಲ್ಲ, ಹೊರಗಿನ ಸದ್ದನ್ನು ಇದು ಎಷ್ಟು ತಡೆಯುತ್ತದೆ ಎಂಬುದು. 2008ರ ಮೇ ತಿಂಗಳಲ್ಲಿ ಇಲ್ಲಿ ವಿಮಾನ ನಿಲ್ದಾಣ ಶುರುವಾಯಿತು, 2019ರ ಡಿಸೆಂಬರ್‌ನಲ್ಲಿ ಎರಡನೇ ರನ್‌ವೇಯೂ ಬಂತು. ಹೈದರಾಬಾದ್ ಹೆದ್ದಾರಿಯ ಲಾರಿಗಳಂತೂ ಇದ್ದೇ ಇವೆ. ಇಷ್ಟೆಲ್ಲದರ ನಡುವೆ ಹಾಡು ಕೇಳಿಸಬೇಕಾದರೆ ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರ ಕಿವಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸರಿ; ಪ್ರತಿ 3 ಡೆಸಿಬೆಲ್ ಏರಿದಾಗಲೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 89ಕ್ಕೆ ಹೋದರೆ ಉಳಿಯುವುದು ವಾರಕ್ಕೆ ಐದೇ ಗಂಟೆ. ಹಿಂಬದಿ ಮುಚ್ಚಿದ, ಅಂದರೆ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನಿನ ಪರವಾಗಿ ನನಗೆ ಕಾಣುವ ದೊಡ್ಡ ವಾದ ಇದೇ.

ಆದರೆ ಬಟ್ಟಲು ಮುಚ್ಚಿದ್ದರಷ್ಟೇ ಸಾಲದು. ಚಕ್ಕೋತದ ಊರಿನವರಿಗೆ ದಪ್ಪ ಸಿಪ್ಪೆಯ ಬೆಲೆ ಗೊತ್ತು. ಹೆಡ್‌ಫೋನಿನಲ್ಲಿ ಆ ಕೆಲಸ ಮಾಡುವುದು ಕಿವಿಯ ಸುತ್ತ ಕೂರುವ ಪ್ಯಾಡ್. ಅದು ಕೆನ್ನೆಗೆ, ದವಡೆಗೆ ಸಂದಿಲ್ಲದೆ ಅಂಟಿಕೊಂಡರೆ ಮಾತು, ಹಾರ್ನ್‌ನಂಥ ಮೇಲಿನ ಸ್ಥಾಯಿಯ ಸದ್ದು ಚೆನ್ನಾಗಿ ತಗ್ಗುತ್ತದೆ. ಕನ್ನಡಕದ ಕಡ್ಡಿ ಎತ್ತಿ ಹಿಡಿದಷ್ಟು ಸಂದಿನಲ್ಲೂ ಬೇಸ್ ಸೋರಿಹೋಗುತ್ತದೆ. ಅಂಗಡಿಯಲ್ಲೇ ನೋಡಬಹುದು: ಮೃದಂಗ ಇರುವ ಹಾಡು ಹಾಕಿ, ಎರಡೂ ಬಟ್ಟಲನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಎಡಗೈಯ ಗುಂಕಾರ ತಟ್ಟನೆ ತುಂಬಿಕೊಂಡರೆ ಆ ಹೆಡ್‌ಫೋನ್ ನಿಮ್ಮ ತಲೆಗೆ ಕೂತಿಲ್ಲ ಎಂದರ್ಥ. ಬೆಲೆ ಎಷ್ಟಾದರೂ ಇರಲಿ, ಅಲ್ಲೇ ಬಿಟ್ಟು ಬನ್ನಿ.

ಇದಕ್ಕೆಲ್ಲ ನಾಯ್ಸ್ ಕ್ಯಾನ್ಸಲಿಂಗ್ ಇದೆಯಲ್ಲ ಎನ್ನಬಹುದು. ಇದೆ, ಮತ್ತು ಎಂಜಿನ್ನಿನ ತಗ್ಗು ಮೊರೆತವನ್ನು ಅಳಿಸುವುದರಲ್ಲಿ ಬರೀ ಪ್ಯಾಡ್ ಅದಕ್ಕೆ ಸಾಟಿಯಲ್ಲ. ವಾಯುವಜ್ರ ಬಸ್ಸಿನಲ್ಲಿ ದಿನಾ ಓಡಾಡುವವರು ಅದನ್ನೇ ಕೊಳ್ಳಲಿ. ಎಡಿಟಿಂಗ್ ಮೇಜಿನ ಮುಂದೆ ಮಾತು ಬೇರೆ. ನಾಯ್ಸ್ ಕ್ಯಾನ್ಸಲಿಂಗ್ ಇರುವವು ಹೆಚ್ಚಾಗಿ ಬ್ಲೂಟೂತ್‌ನವು, ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವುದು ತಡವಾಗುತ್ತದೆ; ಡಬ್ಬಿಂಗ್ ಮಾಡುವವರಿಗೆ ಆ ಚೂರು ತಡವೂ ತುಟಿಗೂ ಮಾತಿಗೂ ತಾಳ ತಪ್ಪಿಸುತ್ತದೆ. ಅದಕ್ಕೇ 1991ರಲ್ಲಿ ಬಂದ ಸೋನಿ ಎಂಡಿಆರ್-7506 ಸುರುಳಿ ವೈರಿನ ಸಮೇತ ಸ್ಟುಡಿಯೋಗಳಲ್ಲಿ ಇನ್ನೂ ಉಳಿದಿದೆ.

ಹಿಂಬದಿ ತೆರೆದ ಹೆಡ್‌ಫೋನಿನಲ್ಲಿ ಸಂಗೀತ ಹೆಚ್ಚು ಸಹಜವಾಗಿ ಕೇಳುತ್ತದೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಒಪ್ಪುತ್ತೇನೆ. ಮುಚ್ಚಿದ ಬಟ್ಟಲಿನೊಳಗೆ ಸದ್ದು ತಿರುಗಿ ಬಡಿದು ಬೇಸ್ ಉಬ್ಬಿದಂತೆ ಕೇಳಿಸುವುದುಂಟು. ಅದನ್ನೊಂದನ್ನೇ ನಂಬಿ ಮಿಕ್ಸ್ ಮಾಡಿದರೆ ಸ್ಪೀಕರಿನಲ್ಲಿ ಹಾಡು ಬಡಕಲಾಗುತ್ತದೆ. ಹಾಗಾಗಿ ಕೊನೆಯ ತೀರ್ಮಾನ ಸ್ಪೀಕರ್ ಮೇಲೇ ಆಗಲಿ. ಆದರೆ ತೆರೆದ ಹೆಡ್‌ಫೋನ್ ಹಾಕಿಕೊಂಡು ಮೈಕ್ ಮುಂದೆ ಹಾಡಿದರೆ ಕಿವಿಯ ಶ್ರುತಿಪೆಟ್ಟಿಗೆ ರೆಕಾರ್ಡಿಂಗಿಗೂ ಇಳಿಯುತ್ತದೆ, ಮೇಲಿಂದ ವಿಮಾನ ಹೋದರೆ ಕೇಳುವ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಸದ್ದಿಲ್ಲದ ಕೋಣೆ ಇರುವವರ ಸುಖ ಅದು.

ಬಿಗಿ ಸರಿಯಾದ ಮೇಲೆ ಸ್ವರ ನೋಡಿ. ವಾರ್ತೆ ಓದುವ ದನಿ ಹಾಕಿದರೆ ಸಾಕು: ‘ಸ’ ಮತ್ತು ‘ಶ’ ಬೇರೆಬೇರೆಯಾಗಿ, ಕಿವಿಗೆ ಚುಚ್ಚದೆ ಕೇಳಬೇಕು. ಓಮ್ ಎಷ್ಟೆಂದೂ ನೋಡಿಕೊಳ್ಳಿ: ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ಸಿಗುತ್ತದೆ. ಮೊಬೈಲಿಗೆ ನೇರ ಸಿಕ್ಕಿಸಿದರೆ 250ರದ್ದು ಸಣ್ಣಗೆ ನುಡಿಯುತ್ತದೆ. ಅದರ ಮಖಮಲ್ಲಿನಂಥ ಪ್ಯಾಡ್ ಏಪ್ರಿಲ್ ಸೆಕೆಯಲ್ಲಿ ಕೃತಕ ಚರ್ಮಕ್ಕಿಂತ ಹಿತ. ಕೃತಕ ಚರ್ಮ ಬೆವರಿಗೆ ಕೆಲವೇ ವರ್ಷದಲ್ಲಿ ಹಕ್ಕಳೆ ಏಳುತ್ತದೆ, ಬಿಗಿಯೂ ಅದರ ಜೊತೆಗೇ ಹೋಗುತ್ತದೆ. ಬಿಲ್ ಮಾಡಿಸುವ ಮೊದಲು ಪ್ಯಾಡ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.